ಓನರ್ ಆಂಟಿ ಮತ್ತು ಎರಡು ನದಿಗಳು

ಮೊಮ್ಮಗಳಿಗೆಂದು ಮಗಳು ಮೊನ್ನೆ ಹೊಸ ರಬ್ಬರ್ ಶೀಟು ತಂದಳು. ಅದರ ಮಡಿಕೆ ಬಿಡಿಸಿ ಹಾಸಿಗೆಯ ಮೇಲೆ ಹರಡಿದಾಗ ಎದ್ದ ವಾಸನೆಗೆ ಒಂದು ಕ್ಷಣ ಹಾಗೆಯೇ ನಿಂತುಬಿಟ್ಟೆ. ರಬ್ಬರಿನದು ಒಂದು, ಅಂಟಿಕೊಳ್ಳದಿರಲೆಂದು ಅದರ ಮೇಲೆ ಉದುರಿಸಿದ ಬಿಳಿ ಪುಡಿಯದು ಇನ್ನೊಂದು. ನಮ್ಮ ಓನರ್ ಆಂಟಿಯ ಗಾಳಿದಿಂಬಿಗೂ ಇದೇ ವಾಸನೆಯಿತ್ತು. ರೈಲಿನಲ್ಲಿ ಅವರು ಕೆನ್ನೆ ಉಬ್ಬಿಸಿಕೊಂಡು ಅದನ್ನು ಊದುತ್ತ ಕೂತರೆ ಎದುರು ಸೀಟಿನವರಿಗೆ ನಗು. ಅವರು ನಕ್ಕರೆಂದು ಆಂಟಿಗೂ ನಗು. ಊದಿದ ಗಾಳಿಯೆಲ್ಲ ಆಚೆ ಹೋಗಿ, ಮತ್ತೆ ಮೊದಲಿನಿಂದ ಶುರು...

ಎಂಬತ್ತರ ದಶಕದ ನಡುಭಾಗ. ಬಸವೇಶ್ವರನಗರದಲ್ಲಿ ಅವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ, ಅಮ್ಮ, ನಾನು. ನಾನು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಮುಂದಿನ ಪೋರ್ಷನ್ನಿನಲ್ಲಿ ಓನರ್ ಆಂಟಿ ಒಬ್ಬರೇ. ಐವತ್ತು ದಾಟಿತ್ತು. ಚಿತ್ರದುರ್ಗದ ಕಡೆಯವರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಬೆಳಗ್ಗೆ ಲಿಂಗಪೂಜೆ ಮುಗಿಯುವವರೆಗೆ ಒಂದು ಗುಟುಕು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಯಜಮಾನರು ಸರ್ಕಾರದಲ್ಲಿ ಇಂಜಿನಿಯರ್ ಆಗಿದ್ದವರು. ಸೇತುವೆಗಳ ಹುಚ್ಚು. ದೇಶದಲ್ಲಿ ಎಲ್ಲೆಲ್ಲಿ ದೊಡ್ಡ ಸೇತುವೆ ಇದೆಯೋ ಅಲ್ಲೆಲ್ಲ ಯಾವುದಾದರೂ ನೆಪದಲ್ಲಿ ಹೋಗಿ ನೋಡಿ ಬಂದು, ಊಟಕ್ಕೆ ಕೂತಾಗ ಹೆಂಡತಿಗೆ ಆ ನದಿಗಳ ಕಥೆ ಹೇಳುತ್ತಿದ್ದರಂತೆ.

“ಅವರು ಹೋದ ಕಡೆಯೆಲ್ಲ ಸರ್ಕಾರಿ ಬಂಗಲೆ ಸಿಗೋದು. ಅಡಿಗೆಯವನು, ಸೊಳ್ಳೆ ಪರದೆ, ಎಲ್ಲ. ನಾನು ಕಾವೇರಿ ದಾಟಿದ್ದೇ ಹೆಚ್ಚು ಕಣೇ” ಎನ್ನುತ್ತಿದ್ದರು.

ಯಜಮಾನರು ತೀರಿಕೊಂಡು ವರುಷ ಕಳೆದ ಮೇಲೆ ಒಂದು ಭಾನುವಾರ ನಮ್ಮ ಬಾಗಿಲಿಗೆ ಬಂದರು. ಕೂತುಕೊಳ್ಳಲೂ ಇಲ್ಲ.

“ಸಾರ್, ಗೋದಾವರಿ, ನರ್ಮದೆ ಎರಡನ್ನೂ ನೋಡ್ಕೊಂಡು ಬರಬೇಕು ಅಂತಿದೀನಿ. ನಿಮ್ಮ ಮಗಳನ್ನ ಜೊತೆಗೆ ಕಳಿಸ್ತೀರಾ? ಅವಳಿಗೆ ಹಿಂದಿ ಬರುತ್ತಲ್ಲ.”

ನನಗೆ ಹಿಂದಿ ಬರುತ್ತಿದ್ದುದು ಪರೀಕ್ಷೆ ಬರೆಯುವಷ್ಟು. ಬಾಯಿ ಬಿಟ್ಟು ಯಾರೊಂದಿಗೂ ಆಡಿರಲಿಲ್ಲ. ಅಪ್ಪ ಪೇಪರ್ ಮಡಿಸಿಟ್ಟರು.

“ಯಾವುದಾದ್ರೂ ಟೂರ್ ಬಸ್ಸಲ್ಲಿ ಹೋಗಿ ಬನ್ನಿ ಅಮ್ಮ. ಊಟ, ವಸತಿ ಎಲ್ಲ ಅವರೇ ನೋಡ್ಕೋತಾರೆ.”

“ಅವರು ದೇವಸ್ಥಾನ ತೋರಿಸ್ತಾರೆ ಸಾರ್. ನದಿ ಹತ್ರ ನಿಲ್ಸೋದೇ ಇಲ್ಲ.”

“ರೈಲು ಯಾರು ಬೇಕಾದ್ರೂ ಹತ್ತಬಹುದು. ಇಳಿದ ಮೇಲೆ ಉಳ್ಕೊಳ್ಳೋದೆಲ್ಲಿ? ಗಂಡಸರಿಲ್ದೆ?”

“ಇಷ್ಟು ದೊಡ್ಡ ದೇಶದಲ್ಲಿ ಇಬ್ಬರು ಹೆಂಗಸರು ಮಲಗೋಕೆ ಜಾಗ ಇಲ್ವಾ ಸಾರ್?”

ಅಪ್ಪ ಮಡಿಸಿಟ್ಟ ಪೇಪರನ್ನು ಮತ್ತೆ ಬಿಡಿಸಿದರು. ಆ ದಿನಗಳಲ್ಲಿ ವಿಜಯನಗರದ ಕಡೆಯಿಂದ ನನಗೊಂದು ಸಂಬಂಧ ಕೂಡಿಬರುವಂತಿತ್ತು. ಹುಡುಗನ ಮನೆಯವರು ಸಂಕ್ರಾಂತಿ ಕಳೆದು ಹೇಳುತ್ತೇವೆ ಅಂದಿದ್ದರು. ಅಪ್ಪನ ಅಳುಕು ಅದರದ್ದೇ. ಅಡಿಗೆಮನೆಯಿಂದ ಅಮ್ಮ, “ಹೋಗಿ ಬರ್ಲಿ ಬಿಡಿ. ಮದ್ವೆ ಆದ್ಮೇಲೆ ಇವಳು ಎಲ್ಲಿಗೆ ಹೋಗ್ತಾಳೆ?” ಅಂದರು. ಅಮ್ಮ ಅಪ್ಪನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ಡಿಸೆಂಬರ್ ಚಳಿಯಲ್ಲಿ ಹೊರಟೆವು. ಆಂಟಿಯ ಕೈಯಲ್ಲಿ ಒಂದು ಬ್ಯಾಗು, ನನ್ನ ಹೆಗಲಿಗೆ ಹಾಸಿಗೆ ಸುತ್ತಿದ ಹೋಲ್ಡಾಲು. ಮೊದಲ ನಿಲುಗಡೆ ರಾಜಮಂಡ್ರಿ. ಸ್ಟೇಷನ್ ಹೊರಗೆ ಜಟಕಾದವರು, ರಿಕ್ಷಾದವರು ಮುತ್ತಿಕೊಂಡು, ಆ ಲಾಡ್ಜು ಈ ಲಾಡ್ಜು ಎಂದು ಎಳೆದಾಡಿದರು. ಆಂಟಿ ಯಾರ ಮಾತಿಗೂ ಕಿವಿಗೊಡದೆ ರಸ್ತೆಯಲ್ಲಿ ತಲೆ ಮೇಲೆತ್ತಿಕೊಂಡು ನಡೆದರು. ಬೋರ್ಡು ಓದುತ್ತಿದ್ದಾರೆಂದುಕೊಂಡೆ. ಅವರು ನೋಡುತ್ತಿದ್ದುದು ತಾರಸಿಗಳನ್ನು.

“ಸೀರೆ ಒಣಹಾಕಿದಾರಾ ನೋಡು ಮರಿ. ಸೀರೆ ಒಣಗ್ತಾ ಇದ್ರೆ ಅಲ್ಲಿ ಹೆಂಗಸರು ಎರಡು ದಿನ ನಿಂತಿದಾರೆ ಅಂತ. ಬಚ್ಚಲಲ್ಲಿ ನೀರಿದೆ ಅಂತ. ಮೇನೇಜರ್ ಏನು ಹೇಳಿದ್ರೂ ಅದು ಸುಳ್ಳು ಹೇಳಲ್ಲ.”

ಹಾಗೆ ಸಿಕ್ಕಿದ್ದು ನದಿಯ ಹತ್ತಿರದ ಒಂದು ಛತ್ರ. ನೆಲಕ್ಕೆ ಕಡಪಾ ಕಲ್ಲು, ಗೋಡೆಗೆ ಹೊಸ ಸುಣ್ಣ. ಪಾರುಪತ್ಯದ ಮುದುಕ ನಮ್ಮನ್ನು ತಾಯಿ ಮಗಳೆಂದುಕೊಂಡ. ನಾವೂ ತಿದ್ದಲಿಲ್ಲ. ಬೆಳಗ್ಗೆ ಪೂಜೆ ಮುಗಿಸಿ ಆಂಟಿ ಗೋದಾವರಿಯ ಮೆಟ್ಟಿಲ ಮೇಲೆ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಸೇತುವೆಯ ಮೇಲೆ ರೈಲು ಹೋದಾಗಲೆಲ್ಲ, ಅದು ಆಚೆ ದಡ ಮುಟ್ಟುವವರೆಗೆ ಬಾಯಿ ತೆರೆದು ನೋಡುತ್ತಿದ್ದರು. “ಸುಳ್ಳು ಹೇಳ್ತಿರ್ಲಿಲ್ಲ ಕಣೇ ಅವರು” ಅಂದದ್ದೊಂದೇ ಮಾತು.

ನರ್ಮದೆಗೆ ಹೋಗಲು ನಾವು ಇಳಿದ ಊರಿನ ಹೆಸರು ಬೇಡ. ಅಂಥ ಊರುಗಳು ಆಗ ಎಲ್ಲ ಕಡೆ ಇದ್ದವು, ನಮ್ಮಲ್ಲೂ. ಬೆಳಗ್ಗೆ ಇಳಿದೆವು. ಮೊದಲ ಲಾಡ್ಜಿನ ಮೇನೇಜರ್ ರಿಜಿಸ್ಟರ್ ತೆರೆದು, ನಮ್ಮ ಹಿಂದೆ ಯಾರೂ ಒಳಗೆ ಬರಲಿಲ್ಲವೆಂದು ಕಂಡು, ಹಿಂದಿಯಲ್ಲಿ ಕೇಳಿದ:

“ಜೊತೆಗೆ ಯಾರಿದ್ದಾರೆ?”

ಯಾರೂ ಇಲ್ಲ, ನಾವಿಬ್ಬರೇ ಅಂದೆ. ರಿಜಿಸ್ಟರ್ ಮುಚ್ಚಿದ. ಎರಡನೆಯ ಕಡೆ ರೂಮು ಖಾಲಿ ಇಲ್ಲ ಅಂದರು. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಬಂದ ಒಂದು ಸಂಸಾರಕ್ಕೆ ಬೀಗದ ಕೈ ಕೊಟ್ಟರು. ಮೂರನೆಯ ಕಡೆ ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವ ಪ್ರಶ್ನೆಯನ್ನೂ ಕೇಳದೆ, ನಗುನಗುತ್ತ ರೂಮು ತೋರಿಸಲು ಎದ್ದ. ಬಿಸಿಲೇರಿತ್ತು. ಹೋಲ್ಡಾಲಿನ ಪಟ್ಟಿ ಹೆಗಲು ಕೊಯ್ಯುತ್ತಿತ್ತು. ಆಂಟಿ ಪೂಜೆಯಾಗದೆ ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ನಾನು ಮಂಚದ ಮೇಲೆ ದೊಪ್ಪನೆ ಕೂತುಬಿಟ್ಟೆ. ಆಂಟಿ ಬಾಗಿಲು ಹಾಕಿ ಒಳಗಿನ ಚಿಲಕ ಎಳೆದು ನೋಡಿದರು. ಅದು ಚೌಕಟ್ಟಿನಿಂದ ಕಿತ್ತು ಕೈಗೇ ಬಂತು.

“ಏಳು.”

“ಆಂಟಿ, ನನ್ನ ಕೈಲಿ ಆಗಲ್ಲ. ಕುರ್ಚಿ ಅಡ್ಡ ಇಟ್ಕೊಂಡು ಮಲಗೋಣ. ಒಂದೇ ದಿನ ತಾನೆ?”

“ಏಳು ಮರಿ. ನಿಮ್ಮಪ್ಪನಿಗೆ ನಾನು ಏನು ಹೇಳ್ಲಿ?”

ಅಳುತ್ತಲೇ ಅವರ ಹಿಂದೆ ನಡೆದೆ. ಸ್ಟೇಷನ್ನಿಗೆ ವಾಪಸ್ ಹೋಗಿ, ಸಿಕ್ಕ ರೈಲು ಹತ್ತಿ ಊರಿಗೆ ಹೊರಡುವುದೊಂದೇ ದಾರಿ ಅನ್ನಿಸಿತ್ತು. ಆದರೆ ಆಂಟಿ ಒಂದು ತಿರುವಿನಲ್ಲಿ ನಿಂತರು. ಕಾಂಪೌಂಡಿನೊಳಗೆ ಹಳದಿ ಬಣ್ಣದ ಉದ್ದನೆಯ ಕಟ್ಟಡ. ಅದರ ತಾರಸಿಯ ತುಂಬ, ಸಾಲು ಸಾಲು ಸೀರೆ. ಎಲ್ಲವೂ ಬಿಳಿ.

“ಪಾಪ, ವಿಧವೆಯರ ಆಶ್ರಮ ಇರ್ಬೇಕು. ಬಾ, ನನ್ನನ್ನ ಬೇಡ ಅನ್ನಲ್ಲ.”

ಅದು ಆಶ್ರಮವಲ್ಲ. ದೊಡ್ಡಾಸ್ಪತ್ರೆಯ ನರ್ಸ್‌ಗಳ ಹಾಸ್ಟೆಲು. ಹೊರಗೆ ಬಂದ ಮೇಟ್ರನ್ ಕೇರಳದವರು. ದಪ್ಪ ಕನ್ನಡಕ, ಕೊರಳಲ್ಲಿ ಶಿಲುಬೆ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಹೊರಗಿನವರನ್ನು ಸೇರಿಸಿಕೊಳ್ಳುವಂತಿಲ್ಲ, ರೂಲ್ಸ್ ಇಲ್ಲ ಅಂದರು. ಆಮೇಲೆ ಅವರೂ ಅದನ್ನೇ ಕೇಳಿದರು: ನಿಮ್ಮ ಜೊತೆಗೆ ಯಾರಿದ್ದಾರೆ?

ನಾನು ಕನ್ನಡಕ್ಕೆ ತಿರುಗಿಸಿದೆ. ಆಂಟಿ ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

“ಇವಳ ಜೊತೆ ನಾನಿದೀನಿ. ನನ್ನ ಜೊತೆ ಇವಳಿದಾಳೆ. ಇನ್ನೂ ಯಾರಿರ್ಬೇಕು ಅಂತ ಕೇಳು.”

ಹೇಗೆ ಹೇಳಿದೆನೋ ನೆನಪಿಲ್ಲ. ಮೇಟ್ರನ್ ಕನ್ನಡಕ ತೆಗೆದು ನಗತೊಡಗಿದರು. ಹಾಸ್ಟೆಲಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮಲಗಿಸುವ ಒಂದು ಕೋಣೆಯಿತ್ತು. ಅದರ ಬೀಗ ತೆಗೆಸಿದರು. ಎರಡು ಮಂಚ, ತೊಳೆದ ನೆಲ, ಗಟ್ಟಿ ಚಿಲಕ. ಆಂಟಿ ಸ್ನಾನ ಮಾಡಿ, ಗೋಡೆಯ ಮೇಲಿದ್ದ ಮೇರಿಯಮ್ಮನ ಪಟದ ಕೆಳಗೆ ಕೂತು, ಕರಡಿಗೆ ಬಿಚ್ಚಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡರು. ಬಾಗಿಲಲ್ಲಿ ನಾಲ್ಕೈದು ಹುಡುಗಿಯರು ಸದ್ದಿಲ್ಲದೆ ನಿಂತು ನೋಡಿದರು. ಪೂಜೆ ಮುಗಿಯುತ್ತಲೇ ಒಬ್ಬಳು ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ತಂದಿಟ್ಟಳು. ಆಂಟಿಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡದ್ದು ಆಗಲೇ. ಯಜಮಾನರು ಹೋದಾಗಲೂ ಅವರು ನಮ್ಮ ಎದುರು ಅತ್ತಿರಲಿಲ್ಲ.

ಮಾರನೆಯ ದಿನ ರಜೆಯಿದ್ದ ಇಬ್ಬರು ನರ್ಸ್‌ಗಳು ನಮ್ಮನ್ನು ನರ್ಮದೆಗೆ ಕರೆದೊಯ್ದರು. ಆಂಟಿ ನೀರಿಗಿಳಿದು, ಆಚೆ ದಡದ ಕಡೆ ಮುಖ ಮಾಡಿ, ಪಕ್ಕದಲ್ಲಿ ಯಾರೋ ನಿಂತಿದ್ದಾರೆಂಬಂತೆ, “ನೀವು ಹೇಳಿದಷ್ಟು ಅಗಲ ಇಲ್ಲಾರೀ” ಅಂದರು. ನನಗೆ ನಗು ಬಂತು. ಆಮೇಲೆ ನಗಲಾಗಲಿಲ್ಲ.

ವಾಪಸ್ ಬರುವ ದಾರಿಯಲ್ಲಿ ಆ ನರ್ಸ್‌ಗಳಲ್ಲಿ ಕಿರಿಯವಳು ನನ್ನನ್ನು ಕೇಳಿದಳು. ಅವಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುವ ಹಾಗಿತ್ತು. “ಅಲ್ಲಿ ನನ್ನಂಥವಳಿಗೆ ಬಾಡಿಗೆಗೆ ಒಂದು ರೂಮು ಕೊಡ್ತಾರಾ?”

ಅದನ್ನು ಆಂಟಿಗೆ ಹೇಳಿದೆ. ಅವರು ಮುಖ ಆಚೆ ತಿರುಗಿಸಿದರು. ಏಕೆಂದು ನನಗೆ ಗೊತ್ತಿತ್ತು. ಆಂಟಿಯ ಮಾಳಿಗೆಯಲ್ಲೊಂದು ರೂಮು ಬಹಳ ದಿನದಿಂದ ಖಾಲಿ ಬಿದ್ದಿತ್ತು. ಆ ವರ್ಷದ ಮಳೆಗಾಲದಲ್ಲಿ ಬಸ್ ಸ್ಟಾಪಿನ ಹತ್ತಿರದ ನರ್ಸಿಂಗ್ ಹೋಮಿನ ಒಬ್ಬ ಹುಡುಗಿ ಅದನ್ನು ಕೇಳಿಕೊಂಡು ಬಂದಿದ್ದಳು. ಆಂಟಿ ಗೇಟಿನ ಒಳಗಿಂದಲೇ, “ಜೊತೆಗೆ ಯಾರಿದಾರಮ್ಮ?” ಅಂತ ಕೇಳಿ, ಫ್ಯಾಮಿಲಿಗೆ ಮಾತ್ರ ಅಂತ ಹೇಳಿ ಕಳಿಸಿದ್ದರು. ಅವಳು ಕೊಡೆ ಬಿಚ್ಚಿಕೊಂಡು ತಿರುಗಿ ಹೋಗಿದ್ದನ್ನು ನಾನೂ ಜಗುಲಿಯಿಂದ ನೋಡಿದ್ದೆ.

ಊರಿಗೆ ಬಂದ ವಾರದೊಳಗೆ ಆಂಟಿ ತಾವೇ ಆ ನರ್ಸಿಂಗ್ ಹೋಮಿಗೆ ಹೋಗಿ ಅವಳನ್ನು ಹುಡುಕಿಕೊಂಡು ಬಂದರು. ಮೇಲಿನ ರೂಮಿಗೆ ಸುಣ್ಣ ಹೊಡೆಸಿ, ಒಳಗಿನ ಚಿಲಕ ಬದಲಾಯಿಸಿ, ಅವಳ ಟ್ರಂಕಿಗೆ ತಾವೂ ಒಂದು ಕೈ ಹಾಕಿ ಮೆಟ್ಟಿಲು ಹತ್ತಿಸಿದರು. ತಿಂಗಳಾಗುವಷ್ಟರಲ್ಲಿ ಅವಳ ಜೊತೆಗೆ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದ ಇನ್ನೊಬ್ಬಳು ಬಂದಳು.

ಬೀದಿ ಗುಸುಗುಸು ಶುರುಮಾಡಿತು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬರುವ ಹುಡುಗಿಯನ್ನು ಕಿಟಕಿಗಳು ನೋಡಿದವು. ಸಂಕ್ರಾಂತಿ ಕಳೆಯಿತು. ವಿಜಯನಗರದಿಂದ ಉತ್ತರ ಬಂತು. ಹುಡುಗಿ ಗಂಡಸರಿಲ್ಲದೆ ಊರೂರು ಸುತ್ತಿ ಬಂದಿದ್ದಾಳಂತೆ, ಎಲ್ಲೆಲ್ಲೋ ಮಲಗಿದ್ದಾಳಂತೆ, ನಮಗೆ ಬೇಡ... ಅಪ್ಪ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಆಂಟಿಗೆ ಮನೆ ಖಾಲಿ ಮಾಡುತ್ತೇವೆಂದು ಹೇಳಿದರು.

“ನಾನು ಅವಳನ್ನ ಕ್ಷೇಮವಾಗಿ ವಾಪಸ್ ಕರ್ಕೊಂಡು ಬಂದೆ ಸಾರ್” ಅಂದರು ಆಂಟಿ.

“ಅದು ನನಗೆ ಗೊತ್ತಮ್ಮ. ಊರಿಗೆ ಹೇಗೆ ಹೇಳ್ಲಿ?”

ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಆಂಟಿ ತಲೆ ತಗ್ಗಿಸಿದರು. ಆದರೆ ಮೇಲಿನ ರೂಮು ಖಾಲಿ ಮಾಡಿಸುತ್ತೇನೆ ಅನ್ನಲಿಲ್ಲ. ಅಪ್ಪ ಅದೊಂದು ಮಾತಿಗಾಗಿ ಕಾದಿದ್ದರೇನೋ ಎಂದು ಆಮೇಲೆ ಎಷ್ಟೋ ಸಲ ನನಗೆ ಅನ್ನಿಸಿದೆ. ನಾವು ಆರ್‌ಪಿಸಿ ಲೇಔಟಿಗೆ ಹೋದೆವು. ಸಾಮಾನಿನ ಲಾರಿ ಹೊರಡುವಾಗ ಆಂಟಿ ಗೇಟಿನಲ್ಲಿ ನಿಂತು ನನ್ನ ಕೆನ್ನೆ ತಟ್ಟಿದರು. “ಬ್ರಹ್ಮಪುತ್ರ ಇನ್ನೂ ಬಾಕಿ ಇದೆ ಮರಿ” ಅಂದರು.

ಅದು ಬಾಕಿಯೇ ಉಳಿಯಿತು. ಎರಡು ವರ್ಷದ ಮೇಲೆ ನನಗೆ ಮದುವೆಯಾಯಿತು. ಹೆಣ್ಣು ನೋಡಲು ಬಂದ ಹುಡುಗನಿಗೆ ಅಪ್ಪ ಮುಚ್ಚಿಡದೆ ಆ ಪ್ರಯಾಣದ ವಿಷಯ ಹೇಳಿದ್ದರು. ಅವರು ನನ್ನ ಕಡೆ ತಿರುಗಿ, “ನರ್ಮದೆ ಹೇಗಿತ್ತು?” ಅಂತ ಕೇಳಿದರು. ಅವರನ್ನೇ ಒಪ್ಪಿದೆ. ಮದುವೆಗೆ ಆಂಟಿ ಮೇಲಿನ ರೂಮಿನ ಇಬ್ಬರನ್ನೂ ಕರೆದುಕೊಂಡು ಬಂದಿದ್ದರು. ಅಪ್ಪನೇ ಎದ್ದು ಹೋಗಿ ಅವರನ್ನು ಊಟಕ್ಕೆ ಕೂರಿಸಿದರು. ಆಮೇಲೆ ನಾವು ಮೈಸೂರಿಗೆ ಹೋದೆವು. ಹಬ್ಬಕ್ಕೊಂದು ಕಾರ್ಡು, ಯಾವಾಗಲಾದರೊಮ್ಮೆ ಭೇಟಿ... ಅದೂ ಕಡಿಮೆಯಾಯಿತು.

ಅವರು ಹೋದ ಸುದ್ದಿ ತಡವಾಗಿ ತಲುಪಿತು. ಮಣ್ಣಿಗೆ ಹೋಗಲಾಗಲಿಲ್ಲ. ತಿಥಿಯ ಊಟಕ್ಕೆ ಹೋದೆ. ಶಾಮಿಯಾನದ ಕೆಳಗೆ ದುರ್ಗದ ನೆಂಟರು ಒಂದು ಕಡೆ ಕೂತಿದ್ದರು. ಬಡಿಸುತ್ತಿದ್ದವರೆಲ್ಲ ಹೆಂಗಸರು. ಮಲಯಾಳಂ, ತೆಲುಗು, ಕೊಂಕಣಿ, ಹುಬ್ಬಳ್ಳಿಯ ಕನ್ನಡ ಎಲ್ಲ ಕೇಳಿಸುತ್ತಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದ ಒಬ್ಬರು ನನ್ನ ಎಲೆಗೆ ಪಾಯಸ ಹಾಕುತ್ತ ಕೇಳಿದರು:

“ನೀವು ಯಾವ ವರ್ಷ ಇದ್ರಿ, ಮೇಲ್ಗಡೆ?”

ನಾನು ಮೇಲ್ಗಡೆ ಇರಲೇ ಇಲ್ಲ, ಎಲ್ಲರಿಗಿಂತ ಮೊದಲು ಅವರ ಜೊತೆ ಇದ್ದವಳು ಅಂತ ಹೇಳಬೇಕೆನಿಸಿತು. ಹೇಳದೆ ಪಾಯಸಕ್ಕೆ ಕೈ ಹಾಕಿದೆ. ಆಕೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದರು.

ಈಗ ಅಪ್ಪ ಇಲ್ಲ, ಅಮ್ಮ ಇಲ್ಲ. ಆಂಟಿಯ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ನಮ್ಮ ಆ ಪ್ರಯಾಣದಲ್ಲಿ ಕ್ಯಾಮೆರಾ ಇರಲಿಲ್ಲ. ಇತ್ತೀಚೆಗೆ ಅವರ ಮುಖ ನೆನಪಿಸಿಕೊಳ್ಳಲು ಹೋದರೆ ಮೂಗು ಒಂದು ಸಲ ಸಿಗುತ್ತದೆ, ಕಣ್ಣು ಇನ್ನೊಂದು ಸಲ, ಎರಡೂ ಕೂಡುವುದಿಲ್ಲ... ಸ್ಪಷ್ಟವಾಗಿ ಉಳಿದಿರುವುದು ಅವರ ಬೆನ್ನು. ಗುರುತಿಲ್ಲದ ಊರಿನ ಬಿಸಿಲಲ್ಲಿ, ಬ್ಯಾಗಿನ ಭಾರಕ್ಕೆ ಒಂದು ಕಡೆ ವಾಲಿದ ಬೆನ್ನು. ರಸ್ತೆ ದಾಟುವಾಗಲೂ ಅವರು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನಾನು ಬರುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು.