ಗಾಜಿನಕ್ಕ ಸರಿಮಾಡಿದ ಮರ

ದೊಡ್ಡ ಬಟ್ಟೆ ಅಂಗಡಿಯೊಂದರ ರಸ್ತೆಕಡೆಯ ಗಾಜಿನ ಕಿಟಕಿಗಳನ್ನು ಇಪ್ಪತ್ತೊಂಬತ್ತು ವರ್ಷ ಅಲಂಕರಿಸಿದವಳು ಆಕೆ. ಸದಾ ಗಾಜಿನ ಹಿಂದೆಯೇ ಕಾಣುತ್ತಿದ್ದಳಾದ್ದರಿಂದ ಎಲ್ಲರ ಬಾಯಲ್ಲೂ ಗಾಜಿನಕ್ಕ. ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಬರೀ ಕಾಲುಚೀಲದಲ್ಲಿ ಗೊಂಬೆಗಳ ನಡುವೆ ಸದ್ದಿಲ್ಲದೆ ಓಡಾಡುವಳು. ಒಮ್ಮೆ ಅಲುಗಾಡದೆ ನಿಂತು ಯೋಚಿಸುತ್ತಿದ್ದಾಗ ಗಿರಾಕಿಯೊಬ್ಬರು ಒಳಗೆ ಬಂದು, "ಆ ಮೂಲೆ ಗೊಂಬೆ ಹಾಕಿರೋ ಬಟ್ಟೆ ಎಷ್ಟು?" ಎಂದು ಕೇಳಿದ್ದರಂತೆ.

ಕ್ರಿಸ್‌ಮಸ್ ಬಂತೆಂದರೆ ಅಂಗಡಿಯಲ್ಲಿ ಆಕೆಯದೇ ದರ್ಬಾರು. ಸೀರಿಯಲ್ ಲೈಟಿನ ವೈರು ಒಂದಿಷ್ಟೂ ಕಾಣದ ಹಾಗೆ ಕ್ರಿಸ್‌ಮಸ್ ಮರದ ಕೊಂಬೆಯ ಒಳಗಿನಿಂದಲೇ ಸುತ್ತಿ ತರುವಳು. ಆಮೇಲೆ ರಸ್ತೆ ದಾಟಿ, ಎದುರು ಫುಟ್‌ಪಾತಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಮರವನ್ನು ಅಳೆಯುವಳು. ಎಲ್ಲಿ ಬೋಳು, ಎಲ್ಲಿ ದಟ್ಟ ಎನ್ನುವುದು ಅಲ್ಲಿಂದಲೇ ಗೊತ್ತಾಗಬೇಕು. "ಗಾಜಿನಕ್ಕ ಕೈ ಇಟ್ಟಮೇಲೆ ಯಾರೂ ಮುಟ್ಟಬೇಡಿ" ಎಂದು ಮಾಲೀಕರೇ ಹೇಳುತ್ತಿದ್ದರು.

ಆ ಕಣ್ಣು ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಆಕೆಯ ಜೊತೆ ಮನೆಗೂ ಬಂತು. ಇದ್ದವಳೊಬ್ಬಳೇ ಮಗಳು. ಪ್ರತಿ ವರ್ಷ ಹಬ್ಬಕ್ಕೆ ಮುಂಚಿನ ಭಾನುವಾರವಿಡೀ ಅವಳು ನೆಲದ ಮೇಲೆ ಕೂತು ಡಬ್ಬಿಗಳನ್ನು ಬಿಚ್ಚಿ, ಹಾಡಿಕೊಂಡು ಮರ ಕಟ್ಟುತ್ತಿದ್ದಳು. ಸೋಮವಾರ ಅವಳು ಶಾಲೆಗೆ ಹೋದಮೇಲೆ, ತಾನು ಕೆಲಸಕ್ಕೆ ಹೊರಡುವುದರೊಳಗೆ ಗಾಜಿನಕ್ಕ ಎಲ್ಲವನ್ನೂ ಬಿಚ್ಚಿ ಸರಿಯಾಗಿ ಹಾಕುತ್ತಿದ್ದಳು. ಸಂಜೆ ಬಂದ ಮಗಳು ಮರದ ಮುಂದೆ ಒಂದು ಗಳಿಗೆ ನಿಂತು, ಕೈಕಾಲು ತೊಳೆಯಲು ಹೋಗುವಳು. ಮಗುವಿಗೆ ಏನು ಗೊತ್ತಾಗುತ್ತದೆ ಎಂದುಕೊಂಡಿದ್ದಳು ತಾಯಿ. ಹನ್ನೊಂದು ತುಂಬಿದ ವರ್ಷ ಮಗಳು, "ನೀನೇ ಮಾಡಮ್ಮ, ನನಗೆ ಬೇಜಾರು" ಅಂದಳು. ಆಟದ ವಯಸ್ಸು ಮುಗಿಯಿತು ಎಂದುಕೊಂಡಳು ಗಾಜಿನಕ್ಕ.

ಈಗ ಆಕೆ ನಿವೃತ್ತಳು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಮೂರನೇ ಮಹಡಿಯಲ್ಲಿ ಅವಳ ಮನೆ. ಹೋದ ವರ್ಷ ಹಬ್ಬಕ್ಕೆ ಮುಂಚೆ ಗಾಜಿನಕ್ಕ ಅಲ್ಲಿಗೆ ಹೋದಾಗ, ಐದು ವರ್ಷದ ಮೊಮ್ಮಗಳು, ಮನೆಯವರೆಲ್ಲ ಬಟಾಣಿ ಎಂದು ಕರೆಯುವವಳು, ಮರ ಕಟ್ಟಿ ಮುಗಿಸಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ಕೆಳಗಿನ ಒಂದೇ ಕೊಂಬೆಗೆ ಹನ್ನೊಂದು ಗಾಜಿನ ಗುಂಡುಗಳು ನೇತುಬಿದ್ದು ಕೊಂಬೆ ನೆಲ ಮುಟ್ಟಿತ್ತು. ದೀಪದ ಸರ ಒಂದೇ ಕಡೆ ಹಕ್ಕಿಗೂಡಿನಂತೆ ಮುದ್ದೆಯಾಗಿತ್ತು. ಮೇಲಿನ ಅರ್ಧ ಮರ ಬೋಳು.

ಮಗಳು ತರಕಾರಿ ತರಲು ಕೆಳಗೆ ಇಳಿದಳು. ಗಾಜಿನಕ್ಕನ ಕೈ ತುರಿಸಿತು. ಇಪ್ಪತ್ತು ನಿಮಿಷದಲ್ಲಿ ಮರ ಅಂಗಡಿಯ ಮರವಾಯಿತು.

ಬಟಾಣಿ ಹೊದಿಕೆ ಎಳೆದುಕೊಂಡು ಎದ್ದು ಬಂದಳು. ನೋಡಿದಳು. "ಅಜ್ಜಿ, ನನ್ನ ಮರ ಎಲ್ಲಿ?"

"ಇಲ್ಲೇ ಇದೆಯಲ್ಲ ಕಂದ."

"ಇದಲ್ಲ. ನನ್ನದು."

ಅಳಲಿಲ್ಲ, ರಂಪ ಮಾಡಲಿಲ್ಲ. ಸೋಫಾದ ಹಿಂದೆ ಬಗ್ಗಿ ನೋಡಿದಳು, ಪರದೆ ಸರಿಸಿ ನೋಡಿದಳು. ತನ್ನ ಮರವನ್ನು ಯಾರೋ ಬೇರೆ ಕಡೆ ಇಟ್ಟಿದ್ದಾರೆ ಎಂದೇ ಮಗು ನಂಬಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಹಿಡಿದು ಮಗಳು ನಿಂತಿದ್ದಳು. ಮಗುವಿಗೆ ಕೇಳಿಸಬಾರದೆಂದು ತಗ್ಗಿದ ದನಿಯಲ್ಲಿ ಅಂದಳು: "ಅಮ್ಮ, ನನಗೆ ಮಾಡಿದ್ದು ಸಾಲ್ದಾ?"

"ನಿನಗೆ... ಗೊತ್ತಿತ್ತಾ?"

"ಮೊದಲನೇ ವರ್ಷದಿಂದ ಗೊತ್ತಿತ್ತು. ನಾನು ಮಾಡಿದ್ದ ಕಾಗದದ ಗಂಟೇನ ನೀನು ಮರದ ಹಿಂದೆ, ಗೋಡೆ ಕಡೆಗೆ ಹಾಕಿದ್ದೆ. ನಾನು ದಿನಾ ಹಿಂದಿನಿಂದ ತೂರಿಕೊಂಡು ಹೋಗಿ ನೋಡ್ತಿದ್ದೆ. ಅದೂ ಹೋಗಲಿ. ಬಂದವರೆಲ್ಲ ಮರ ಎಷ್ಟು ಚೆನ್ನಾಗಿದೆ ಅಂದಾಗ, ಎಲ್ಲಾ ಮಗಳೇ ಮಾಡಿದ್ದು ಅಂತಿದ್ದೆ ನೀನು. ಅವರು ನನ್ನ ಕೆನ್ನೆ ಸವರೋರು. ನಾನು ಹೂಂ ಅಂತ ನಿಂತಿರ್ತಿದ್ದೆ."

ಗಾಜಿನಕ್ಕನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ತಾನು ಹೆಮ್ಮೆಯಿಂದ ಆಡಿದ ಮಾತು, ಮಗಳ ಬಾಯಲ್ಲಿ ಸುಳ್ಳು ಹೇಳಿಸಿತ್ತು. ಬಸ್ ಓಡಿಸುತ್ತಿದ್ದ ತನ್ನ ಅಪ್ಪ ನೆನಪಾದ. ಒಂದು ಬಲ್ಬು ಕೆಟ್ಟರೆ ಇಡೀ ಸರ ಆರಿಹೋಗುತ್ತಿದ್ದ ಕಾಲ ಅದು. ಅಪ್ಪ ಮಗಳು ನೆಲದ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ ನೋಡುವರು. ಹತ್ತಿಕೊಂಡಾಗ ಇಬ್ಬರೂ ಕಿರುಚುವರು. ಆಮೇಲೆ ಹೆಗಲ ಮೇಲೆ ಕೂರಿಸಿಕೊಂಡು, "ಎಲ್ಲಿ ಬೇಕೋ ಅಲ್ಲಿ ಹಾಕು ಮಗಳೇ" ಅನ್ನುವನು. ಆ ಮರ ಎಂಥ ಸೊಟ್ಟ ಮರ! ಹಬ್ಬ ಮುಗಿಯುವವರೆಗೂ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ತಾನು ಹೊಟ್ಟೆತುಂಬ ಉಂಡ ಸಂತೋಷವನ್ನು ಮಗಳ ತಟ್ಟೆಯಿಂದ ವರ್ಷ ವರ್ಷವೂ ಎತ್ತಿಕೊಂಡಿದ್ದಳು.

"ಬಟಾಣಿ, ಅಜ್ಜಿ ತಪ್ಪು ಮಾಡಿಬಿಟ್ಟಳು" ಎಂದು ಮಂಡಿಯೂರಿ ಕೂತಳು. "ಮೊದಲಿನ ಹಾಗೇ ಹಾಕ್ತೀನಿ."

ಹಾಕಲು ಹೊರಟರೆ ಏನೂ ನೆನಪಿಲ್ಲ. ಇಪ್ಪತ್ತು ವರ್ಷದ ಹಿಂದಿನ ಕಿಟಕಿಯ ಪಿನ್ನು ಎಲ್ಲಿತ್ತೆಂದು ಹೇಳಬಲ್ಲವಳಿಗೆ, ಅರ್ಧ ಗಂಟೆ ಹಿಂದಿನ ಮರ ನೆನಪಿಲ್ಲ. ಕಂಡದ್ದು ತಪ್ಪುಗಳು ಮಾತ್ರ, ಮರವಲ್ಲ.

"ಅಲ್ಲ ಅಜ್ಜಿ, ಕೆಂಪು ಇದರ ಫ್ರೆಂಡು, ಪಕ್ಕದಲ್ಲೇ ಇರಬೇಕು." "ನಕ್ಷತ್ರ ಕೆಳಗೆ. ಮೇಲಿದ್ರೆ ನನಗೆ ಕುತ್ತಿಗೆ ನೋಯುತ್ತೆ." ಕೊನೆಗೆ ಬಟಾಣಿಗೆ ತಾಳ್ಮೆ ತಪ್ಪಿತು. "ನೀನು ಬಿಡು, ನಿನಗೆ ಬರಲ್ಲ."

ಹೊರಡುವಾಗ ಗಾಜಿನಕ್ಕ ಬಾಗಿಲಲ್ಲಿ ಮಗಳ ಕೈ ಹಿಡಿದು, "ಕ್ಷಮಿಸಿಬಿಡು" ಅಂದಳು. ಮಗಳು, "ಆಯ್ತು ಬಿಡಮ್ಮ, ಮೆಟ್ಟಿಲು ನೋಡಿಕೊಂಡು ಇಳಿ" ಅಂದಳು. ಅದು ಕ್ಷಮೆಯೋ ಸುಸ್ತೋ, ಕೇಳುವ ಧೈರ್ಯ ಬರಲಿಲ್ಲ.

ಈ ವರ್ಷ ಮಗಳ ಫೋನು ಬಂತು. "ಭಾನುವಾರ ಮರ ಕಟ್ತೀವಮ್ಮ. ನೀನು ಸೋಮವಾರ ಬಾ."

"ಆಗಲಿ" ಅಂದಳು. ಫೋನು ಇಟ್ಟಮೇಲೂ ಕಿವಿ ಸುಡುತ್ತಿತ್ತು. ಆದರೆ ಮಗಳು ಹೇಳಿದ್ದರಲ್ಲಿ ಒಂದಕ್ಷರವೂ ಅನ್ಯಾಯವಿರಲಿಲ್ಲ.

ಸೋಮವಾರ ಹೋದಾಗ ಬಾಗಿಲು ತೆಗೆದದ್ದು ಬಟಾಣಿ. "ಬಾ ಅಜ್ಜಿ, ನೋಡು. ಮುಟ್ಟಬೇಡ" ಅಂದಳು.

"ಇಲ್ಲ ಕಂದ" ಎಂದು ಗಾಜಿನಕ್ಕ, ಬ್ಯಾಗನ್ನೂ ಕೆಳಗಿಡದೆ, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕುಳಿತಳು.