ಮಹಡಿಯ ಹುಡುಗಿಯ ಪರವಾಗಿ ನಾನು ಹೇಳಿದ ‘ಯೆಸ್’

ವುಡ್‌ಬ್ರಿಡ್ಜ್‌ನ ನಮ್ಮ ಮನೆಯ ಹೊರಗೋಡೆಗೆ ಎರಡು ಕರೆಂಟ್ ಮೀಟರುಗಳಿವೆ. ಎಡಗಡೆಯದು ಕೆಳಗೆ ವಾಸವಾಗಿರುವ ನಮ್ಮದು, ಬಲಗಡೆಯದು ಮಹಡಿಯ ಬಾಡಿಗೆ ಮನೆಯದು. ಮೀಟರು ಎರಡಾದರೂ ಆಗ ಬಾಗಿಲಿಗೆ ಇದ್ದದ್ದು ಒಂದೇ ಬೆಲ್ಲು, ಅಂಚೆ ಡಬ್ಬಿಯೂ ಒಂದೇ. ಬೆಲ್ಲಾದರೆ ಬಾಗಿಲು ತೆಗೆಯುತ್ತಿದ್ದವನು ನಾನು, ಡಬ್ಬಿಯಿಂದ ಕಾಗದ ತರುತ್ತಿದ್ದವನೂ ನಾನೇ. ನಿವೃತ್ತನಿಗೆ ಬೇರೆ ಕೆಲಸವೇನಿತ್ತು?

ಮಹಡಿಗೆ ಧಾರವಾಡದ ಒಬ್ಬ ಹುಡುಗಿ ಬಂದಳು. ಹುಡುಗಿ ಎನ್ನುತ್ತೇನೆ, ವಯಸ್ಸು ಮೂವತ್ತನ್ನು ದಾಟಿತ್ತು. ಮ್ಯಾನ್‌ಹಟನ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ದಿನವೂ ರೈಲಿನಲ್ಲಿ ಹೋಗಿ ಬರುವುದು. ಗಂಡನನ್ನು ಬಿಟ್ಟು ಬಂದಿದ್ದಳು. ಅವಳು ಕಾಲೇಜಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳ ತಂದೆ ಫೋನಿನಲ್ಲೇ ಹುಡುಗನ ಕಡೆಯವರಿಗೆ ಒಪ್ಪಿಗೆ ಕೊಟ್ಟುಬಿಟ್ಟಿದ್ದರಂತೆ. ಅದನ್ನು ಅವಳು ನನ್ನ ಹೆಂಡತಿಯ ಜೊತೆ ಅವರೆಕಾಳು ಬಿಡಿಸುತ್ತಾ, ಯಾರದೋ ಕಥೆಯೆಂಬಂತೆ ನಗುನಗುತ್ತಾ ಹೇಳಿದ್ದಳು. ಮದುವೆಯ ನಂತರ ಇಲ್ಲಿ ಮನೆ, ಕಾರು, ಬ್ಯಾಂಕು, ಫೋನು ಎಲ್ಲವೂ ಗಂಡನ ಹೆಸರಿನಲ್ಲಿ. ಆದ್ದರಿಂದ ನಮ್ಮ ಮಹಡಿಗೆ ಬಂದು ಒಂದು ತಿಂಗಳಾದ ಮೇಲೆ ಅವಳ ಹೆಸರಿಗೆ ಕರೆಂಟ್ ಬಿಲ್ಲು ಬಂದಾಗ ಅದನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿ ಬಂದಿದ್ದಳು.

“ಆಂಟಿ, ನೋಡ್ರಿ. ಈ ದೇಶದಾಗ ನನ್ನ ಹೆಸರಿಗೆ ಬಂದ ಮೊದಲನೇ ಕಾಗದ.”

“ದುಡ್ಡು ಕಟ್ಟು ಅಂತ ಬಂದಿರೋ ಕಾಗದಕ್ಕೆ ಇಷ್ಟು ಸಂತೋಷ ಪಡೋಳನ್ನ ನಿನ್ನೊಬ್ಬಳನ್ನೇ ಕಂಡಿದ್ದು ನಾನು” ಎಂದಳು ನನ್ನ ಹೆಂಡತಿ.

ಡ್ರೈವಿಂಗ್ ಲೈಸೆನ್ಸಿಗೆ ವಿಳಾಸದ ಪುರಾವೆಯಾಗಿ ಆ ಬಿಲ್ಲು ಬೇಕಿತ್ತು. ನನ್ನ ಪ್ರಿಂಟರಿನಲ್ಲಿ ನಾನೇ ಪ್ರತಿ ತೆಗೆದುಕೊಟ್ಟೆ, ನನ್ನ ಕಾರಿನಲ್ಲೇ ಅವಳನ್ನು ಕರೆದುಕೊಂಡು ಹೋದೆ. “ನಿನಗೆ ತಂದೆ ಸಮಾನ ಅಂದುಕೋ ನನ್ನ, ಸಂಕೋಚ ಪಡಬೇಡ” ಎಂದೆ. “ಥ್ಯಾಂಕ್ಸ್ ಅಂಕಲ್” ಎಂದಳು. ಹೆಚ್ಚಾಗಿ ತೆಗೆದಿದ್ದ ಒಂದು ಪ್ರತಿ ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಇಲ್ಲಿ ನಾವಿರುವ ರಾಜ್ಯದಲ್ಲಿ ತಂತಿ ಎಳೆದು ಮನೆಗೆ ಕರೆಂಟು ಮುಟ್ಟಿಸುವ ಕಂಪನಿಯನ್ನು ಯಾರೂ ಬದಲಿಸುವಂತಿಲ್ಲ. ಆದರೆ ಆ ಕರೆಂಟನ್ನು ಯಾರಿಂದ ಕೊಳ್ಳಬೇಕೆಂಬುದನ್ನು, ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರು ಆರಿಸಿಕೊಳ್ಳಬಹುದು. ಬಾಡಿಗೆಗೆ ಇರುವವರೂ ಅಷ್ಟೇ. ಅವಳು ನಾಲ್ಕಾರು ಭಾನುವಾರ ಕೂತು ಓದಿ, ಗಾಳಿಯಿಂದ ಕರೆಂಟು ಮಾಡುವ ಒಂದು ಕಂಪನಿಯನ್ನು ಆರಿಸಿಕೊಂಡಳು. ನನಗದು ಗೊತ್ತಾದದ್ದು ಆ ಕಂಪನಿಯ ಲಕೋಟೆ ಡಬ್ಬಿಯಲ್ಲಿ ಕಂಡಾಗ.

ಏಕೋ ಅದು ನನ್ನನ್ನು ಚುಚ್ಚಿತು. ನನ್ನ ಮನೆಗೆ ಯಾರ ಕರೆಂಟು ಬರಬೇಕೆಂದು ನನಗೊಂದು ಮಾತೂ ಹೇಳದೆ ಇವಳು ತೀರ್ಮಾನಿಸಿದಳಲ್ಲ ಎನಿಸಿತು. ಮೈಸೂರಿನಲ್ಲಿ ನಾವು ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಮೇನ್ ಸ್ವಿಚ್ಚು ಓನರ್ ಮನೆಯ ವರಾಂಡದಲ್ಲಿ. ನನ್ನ ಹೆಂಡತಿ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಸಾಕು, ಮೀಟರಿನ ಚಕ್ರ ಜೋರಾಗಿ ತಿರುಗುವುದನ್ನು ನೋಡಿ ಆ ಮನುಷ್ಯ ಅಲ್ಲಿಂದಲೇ ಕೂಗುತ್ತಿದ್ದ, “ಏನ್ರೀ, ಎಷ್ಟು ಬಟ್ಟೆ ಇದೆ ಇನ್ನೂ?” ಅವನನ್ನು ಶಪಿಸದ ದಿನವಿರಲಿಲ್ಲ. ನನ್ನದೇ ಮನೆಯಾದ ಮೇಲೆ ನಾನು ಹಾಗಿರುವುದಿಲ್ಲ ಎಂದುಕೊಂಡಿದ್ದೆ. ಆದರೆ ಗೋಡೆಯ ಪಕ್ಕದಲ್ಲಿ ಹಾಯ್ದಾಗಲೆಲ್ಲ ಬಲಗಡೆಯ ಮೀಟರನ್ನೂ ಇಣುಕಿ ನೋಡುವ ಅಭ್ಯಾಸ ನನಗೂ ಬಂದಿತ್ತು. “ಮಹಡಿಯಲ್ಲಿ ಫ್ಯಾನ್ ಹಾಕಿದ್ರೆ ನಿಮಗೆ ಕೆಳಗೆ ನೆಗಡಿ ಬರತ್ತೆ” ಎಂದು ನನ್ನ ಹೆಂಡತಿ ಅಣಕಿಸುತ್ತಿದ್ದಳು.

ಒಂದು ಬೆಳಿಗ್ಗೆ ಬೆಲ್ಲಾಯಿತು. ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಳು, ಹುಡುಗಿ ಕೆಲಸಕ್ಕೆ ಹೋಗಿದ್ದಳು. ಬಾಗಿಲಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಐವತ್ತರ ಆಸುಪಾಸಿನ ನಮ್ಮ ದೇಶದವನೇ ನಿಂತಿದ್ದ. ನೀರು ಕೇಳಿ ಕುಡಿದ. ಯಾವುದೋ ಕರೆಂಟ್ ಕಂಪನಿಯ ಏಜೆಂಟು. ಮೊದಲ ಕೆಲವು ತಿಂಗಳು ದರ ಕಡಿಮೆ ಎಂದ. “ಅಂಕಲ್‌ಜೀ, ನೀವು ಮನೆಯ ಯಜಮಾನರು. ನೀವು ಹೇಳಿದರೆ ಆಯಿತು” ಎಂದು ಹಿಂದಿಯಲ್ಲಿ ಅಂದ. ಅಷ್ಟು ಮಾತು ಸಾಕಾಯಿತು ನನಗೆ. ನಮ್ಮ ಮೀಟರಿಗೆ ಕಂಪನಿ ಬದಲಿಸಲಿಲ್ಲ. ಅವನ ಮಾತಿನಲ್ಲಿ ನನಗೆ ಪೂರ್ತಿ ನಂಬಿಕೆಯಿರಲಿಲ್ಲ ಎನ್ನಲು ಇದೇ ಸಾಕ್ಷಿ. ಡ್ರಾಯರಿನಿಂದ ಅವಳ ಬಿಲ್ಲಿನ ಪ್ರತಿ ತಂದುಕೊಟ್ಟೆ.

ಅವನು ಅದರಲ್ಲಿದ್ದ ಖಾತೆಯ ನಂಬರು ಬರೆದುಕೊಂಡು ಯಾರಿಗೋ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯ ಹೆಂಗಸು, ಈ ಮಾತುಕತೆ ರೆಕಾರ್ಡ್ ಆಗುತ್ತಿದೆ ಎಂದಳು. ಖಾತೆಯವರ ಪರವಾಗಿ ತೀರ್ಮಾನ ಮಾಡುವ ಅಧಿಕಾರ ನಿಮಗಿದೆಯೇ ಎಂದು ಕೇಳಿದಳು.

“ಯೆಸ್” ಎಂದೆ.

ನಿಮಗೂ ಅವರಿಗೂ ಏನು ಸಂಬಂಧ ಎಂದಳು.

“ಐ ಆಮ್ ಹರ್ ಫಾದರ್” ಎಂದೆ. ನಾಲಿಗೆ ತಡವರಿಸಲಿಲ್ಲ.

ಒಂದು ವಾರದ ಮೇಲೆ ತಂತಿಯ ಕಂಪನಿಯಿಂದ ಅವಳ ಹೆಸರಿಗೆ ಒಂದು ಪತ್ರ ಬಂತು. ಒಡೆಯದೆಯೇ ಒಳಗೇನಿದೆಯೆಂದು ನನಗೆ ಗೊತ್ತಿತ್ತು, ಕಂಪನಿ ಬದಲಾದಾಗ ಎಲ್ಲರಿಗೂ ಬರುವ ಪತ್ರ ಅದು: ನಿಮ್ಮ ಸರಬರಾಜುದಾರರು ಬದಲಾಗುತ್ತಿದ್ದಾರೆ, ಇದು ನಿಮ್ಮ ಇಷ್ಟವಲ್ಲದಿದ್ದರೆ ಇಷ್ಟು ದಿನದೊಳಗೆ ತಿಳಿಸಿ. ಸಂಜೆ ಅವಳು ಬಂದ ಮೇಲೆ ಕೊಟ್ಟು, ಎಲ್ಲ ಹೇಳಿಬಿಡೋಣ ಎಂದುಕೊಂಡು ಫ್ರಿಜ್ಜಿನ ಮೇಲೆ ಅಂಗಡಿಗಳ ಜಾಹೀರಾತು ಕಾಗದಗಳ ಕೆಳಗಿಟ್ಟೆ. ಆ ಸಂಜೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಕಡೆಗೆ ಹೇಳಿ ಪ್ರಯೋಜನವಿಲ್ಲದಷ್ಟು ದಿನವಾದಾಗ ಒಂದು ಬಗೆಯ ನೆಮ್ಮದಿಯೇ ಆಯಿತು. ಪತ್ರವನ್ನು ನನ್ನ ಚಳಿಗಾಲದ ಕೋಟಿನ ಒಳಜೇಬಿಗೆ ವರ್ಗಾಯಿಸಿದೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಅವಳು ಬಿಲ್ಲು ಹಿಡಿದು ಕೆಳಗೆ ಬಂದಳು.

“ಅಂಕಲ್, ನನ್ನ ಬಿಲ್‌ನ್ಯಾಗ ಬ್ಯಾರೆ ಕಂಪನಿ ಹೆಸರು ಬಂದೈತಿ ನೋಡ್ರಿ. ರೊಕ್ಕಾನೂ ಜಾಸ್ತಿ ಆಗೇತಿ. ನಾ ಏನೂ ಚೇಂಜ್ ಮಾಡಿಲ್ರಿ.”

ನನ್ನ ಸಹಾಯ ಕೇಳಿಕೊಂಡು ಬಂದಿದ್ದಳು. ಆಗಲೂ ಹೇಳಬಹುದಿತ್ತು. “ಈ ಕಂಪನಿಗಳೆಲ್ಲ ಮಹಾ ಕಳ್ಳರಮ್ಮ” ಎಂದೆ.

ನಮ್ಮ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ ಆ ಹೊಸ ಕಂಪನಿಗೆ ಕರೆ ಮಾಡಿದಳು. ಬಹಳ ಹೊತ್ತು ಸಂಗೀತವೇ ಬಂತು. ಉಪ್ಪಿಟ್ಟು ಕೆದಕುತ್ತಿದ್ದ ನನ್ನ ಹೆಂಡತಿ, “ಮದುವೆ ಮನೆ ವಾಲಗದ ಹಾಗೆ ನಿಲ್ಲೋದೇ ಇಲ್ವಲ್ಲೇ ಇದು” ಎಂದಳು.

“ಇವ್ರ ಹಾಡು ಮುಗಿಯೂದ್ರಾಗ ನಿಮ್ಮ ಉಪ್ಪಿಟ್ಟು ಆರಿ ಹೋಗತೈತ್ರಿ ಆಂಟಿ.”

ಇಬ್ಬರೂ ನಕ್ಕರು. ನಾನೂ ನಕ್ಕೆ.

ಕಡೆಗೆ ಒಬ್ಬ ಗಂಡಸು ಮಾತಾಡಿದ. ನಿಮಗೆ ಪತ್ರ ಕಳಿಸಲಾಗಿತ್ತಲ್ಲ ಎಂದ. “ಐ ನೆವರ್ ಗಾಟ್ ಎನಿ ಲೆಟರ್” ಎಂದಳು.

“ಈ ಅಂಚೆಯವನು ಯಾರ ಮನೆಗೆ ಹಾಕಿ ಹೋದನೋ! ಮೊನ್ನೆ ಪಕ್ಕದವರದ್ದು ನಮಗೆ ಹಾಕಿದ್ದ” ಎಂದಳು ನನ್ನ ಹೆಂಡತಿ. ನಾನು ಕಾಫಿಯ ಲೋಟವನ್ನೇ ನೋಡುತ್ತಾ ಕೂತೆ.

ಒಪ್ಪಿಗೆ ಕೊಟ್ಟದ್ದರ ರೆಕಾರ್ಡಿಂಗ್ ಇದೆ, ಕೇಳಿಸುತ್ತೇನೆ ಎಂದ ಆತ. ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಆ ಹೆಂಗಸಿನ ಪ್ರಶ್ನೆ ಕೇಳಿತು. ಆಮೇಲೆ ನನ್ನ ಧ್ವನಿ. “ಯೆಸ್.” ಒಲೆಯ ಬಳಿ ಸೌಟಿನ ಸದ್ದು ನಿಂತಿತು. “ಐ ಆಮ್ ಹರ್ ಫಾದರ್.”

ಹುಡುಗಿ ನನ್ನ ಕಡೆ ನೋಡಲಿಲ್ಲ. ಫೋನನ್ನೇ ನೋಡುತ್ತಿದ್ದಳು.

“ಈಸ್ ದಟ್ ಯುವರ್ ಫಾದರ್, ಮ್ಯಾಮ್?” ಎಂದ ಆತ.

“ನೋ” ಎಂದಳು. “ಹೀ ಈಸ್ ಮೈ ಲ್ಯಾಂಡ್‌ಲಾರ್ಡ್.”

ಎರಡು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಅಧಿಕಾರವಿಲ್ಲದವರು ಒಪ್ಪಿದ್ದಾರೆ, ಅದನ್ನು ರದ್ದು ಮಾಡಿ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿ, ಆತ ಕೊಟ್ಟ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಂಡಳು. ಫೋನು ಇಟ್ಟ ಮೇಲೆ ನನ್ನನ್ನು ನೋಡಿದಳು.

“ನಮ್ಮಪ್ಪಾನೂ ಹಿಂಗ ಫೋನಿನ್ಯಾಗ ಹೂಂ ಅಂದಿದ್ರು. ನನ್ನ ಕೇಳ್ಲಾರ್ದ.”

ಉಪ್ಪಿಟ್ಟು ತಿನ್ನದೆ ಮೇಲೆ ಹೋದಳು. ನನ್ನ ಹೆಂಡತಿ ಒಲೆ ಆರಿಸಿ, “ಏನ್ರೀ ಇದು?” ಎಂದಳು, ಅಷ್ಟೇ. ಆಮೇಲೆ ಒಂದು ತಟ್ಟೆಗೆ ಉಪ್ಪಿಟ್ಟು ಹಾಕಿ ಮುಚ್ಚಿಕೊಂಡು ತಾನೂ ಮೆಟ್ಟಿಲು ಹತ್ತಿದಳು.

ಮರುದಿನ ಕ್ಷಮೆ ಕೇಳಲು ಹೋದೆ. ಬಾಗಿಲು ಅರ್ಧ ತೆಗೆದು, “ಮೊದಲಿನ ಕಂಪನಿಗೇ ವಾಪಸ್ ಹೋಗೂ ಹಂಗ ಮಾಡೀನ್ರಿ. ನೀವು ಚಿಂತಿ ಮಾಡಬ್ಯಾಡ್ರಿ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಲೀಸು ಮುಗಿಯಲು ಎರಡು ತಿಂಗಳಿದ್ದಾಗ ಅವಳ ಕಾಗದ ಅಂಚೆಯಲ್ಲಿ ಬಂತು. ಅದೇ ಮನೆಯ ಮಹಡಿಯಿಂದ ಕೆಳಗಿನವನಿಗೆ ಅಂಚೆಯಲ್ಲಿ. ‘ಡಿಯರ್ ಸರ್’ ಎಂದು ಶುರು, ಲೀಸು ಮುಗಿದ ಮೇಲೆ ಮನೆ ಬಿಡುತ್ತೇನೆಂದು. ಮನ್ರೋ ಎಂಬ ಊರಿನ ಕಡೆ ಮನೆ ನೋಡಿಕೊಂಡಿದ್ದಳು. ಹೊರಟ ದಿನ ನನ್ನ ಹೆಂಡತಿಯನ್ನು ತಬ್ಬಿಕೊಂಡಳು, ನನಗೆ ಕೈಮುಗಿದಳು.

ಈಗ ಬಾಗಿಲಿಗೆ ಎರಡು ಬೆಲ್ಲು, ಎರಡು ಡಬ್ಬಿ ಹಾಕಿಸಿದ್ದೇನೆ. ಹೊಸದಾಗಿ ಬಂದ ದಂಪತಿಗಳಿಗೆ ಮೊದಲ ದಿನವೇ, ಕರೆಂಟು ಯಾರಿಂದ ಕೊಳ್ಳುತ್ತೀರೋ ಅದು ನಿಮಗೆ ಬಿಟ್ಟದ್ದು ಎಂದೆ. “ಓಕೆ ಅಂಕಲ್” ಎಂದು ನಕ್ಕರು, ಈ ಮುದುಕ ಇದನ್ನೇಕೆ ಹೇಳುತ್ತಿದ್ದಾನೆ ಎನ್ನುವ ಹಾಗೆ.

ಪತ್ರ ಇನ್ನೂ ಕೋಟಿನ ಜೇಬಿನಲ್ಲಿದೆ, ಒಡೆದಿಲ್ಲ. ಫೋನಿನಲ್ಲಿ ಹೇಳಿದ ಸುಳ್ಳನ್ನು ನನ್ನ ಹೆಂಡತಿ ಕಿವಿಯಾರೆ ಕೇಳಿದ್ದಾಳೆ. ಪತ್ರದ ವಿಷಯ ಅವಳಿಗೆ ತಿಳಿಯದು, ಇಂದಿಗೂ ಅಂಚೆಯವನ ತಪ್ಪೆಂದೇ ನಂಬಿದ್ದಾಳೆ. ಅದನ್ನು ಆ ಹುಡುಗಿಗೆ ಕಳಿಸಬೇಕು, ಅವಳ ಹೆಸರಿಗೆ ಬಂದದ್ದು ಅವಳ ಕೈಯಲ್ಲೇ ಇರಬೇಕು. ಆದರೆ ಹೊಸ ವಿಳಾಸ ಇರುವುದು ನನ್ನ ಹೆಂಡತಿಯ ಬಳಿ ಮಾತ್ರ. ಕೇಳಿದರೆ ಏಕೆ ಎನ್ನುತ್ತಾಳೆ. ಅದಕ್ಕೇ ಇಷ್ಟು ಬರೆದಿದ್ದೇನೆ. ಹೆಂಡತಿ ಒಳಗೆ ಕುಕ್ಕರ್ ಇಟ್ಟಿದ್ದಾಳೆ. ಅದನ್ನು ಇಳಿಸಿ ಬಂದ ಮೇಲೆ ಈ ಬರಹವನ್ನು ಮೊದಲು ಅವಳ ಕೈಗೇ ಕೊಡುತ್ತೇನೆ.