ಉಡಿ ತುಂಬಿದ ಮೇಲೂ ಉಳಿದ ಮಗಳು

ವನುವಾಟು ಎಂಬ ದೇಶ ಪೆಸಿಫಿಕ್ ಸಾಗರದಲ್ಲಿದೆ ಎಂದು ನನಗೆ ತಿಳಿದದ್ದು ಅಳಿಯ ಅಲ್ಲಿಗೆ ವೆಲ್ಡಿಂಗ್ ಕೆಲಸಕ್ಕೆ ಹೋದ ಮೇಲೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮುಂಬಯಿ ಕಡೆಯ ಘೋಡಬಂದರ್ ರಸ್ತೆಯ ಎಷ್ಟೋ ಕಟ್ಟಡಗಳ ಸ್ಲಾಬಿಗೆ ಸೆಂಟ್ರಿಂಗ್ ಹಲಗೆ ಹೊಡೆದಿದ್ದೇನೆ, ಯಾರ ಮುಂದೆಯೂ ಕೈ ಚಾಚಿಲ್ಲ. ಮಗಳು ಗಂಡನ ಕಡೆ ವಿಮಾನದಲ್ಲಿ ಹೊರಟಾಗ ಡೊಂಬಿವಲಿಯ ನಮ್ಮ ಚಾಳಿನವರನ್ನೆಲ್ಲ ಕರೆದೆ. ಹೆಂಡತಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ ಹಾಕಿ ಉಡಿ ತುಂಬಿದಳು.

ವಿಮಾನ ನಿಲ್ದಾಣಕ್ಕೆ ಹೊರಟ ನಮ್ಮ ಟ್ಯಾಕ್ಸಿ ಅರ್ಧ ದಾರಿಯಲ್ಲಿದ್ದಾಗ ಅಳಿಯನ ಫೋನು ಬಂತು. ಅಲ್ಲಿನ ವಿಮಾನಗಳು ನಿಂತುಬಿಟ್ಟಿವೆ, ಹೊರಡಬೇಡಿ ಎಂದ.

ನಮ್ಮ ಮನೆತನದಲ್ಲಿ ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದ ಮಗಳು ಗಂಡನ ಮನೆಯ ನೀರು ಕುಡಿಯದೆ ತವರಿಗೆ ತಿರುಗುವಂತಿಲ್ಲ. ಅಳಿಯನಿಗೆ ತಂದೆತಾಯಿ ಇಲ್ಲ. ಗಂಡನ ಮನೆ ಎಂದರೆ ಆ ದ್ವೀಪವೇ. ಟ್ಯಾಕ್ಸಿಯನ್ನು ಕಾಮೋಠೆಗೆ ತಿರುಗಿಸಿ ಅವಳನ್ನು ನನ್ನ ತಂಗಿಯ ಮನೆಯಲ್ಲಿ ಬಿಟ್ಟೆ. ನಾಲ್ಕು ದಿನದ ಮಾತು ಎಂದುಕೊಂಡಿದ್ದೆ.

ಅಲ್ಲಿಂದ ಆ ದೇಶ ನನ್ನ ತಲೆಯೊಳಗೆ ಹೊಕ್ಕಿತು. ಊಟದ ಬಿಡುವಿನಲ್ಲಿ ಫೋನಿನಲ್ಲಿ ಅದರದೇ ಸುದ್ದಿ ಹುಡುಕುತ್ತಿದ್ದೆ. ಪಕ್ಷ ಬಿಟ್ಟು ಪಕ್ಷಕ್ಕೆ ಹೋಗುವ ಶಾಸಕರನ್ನು ಏನು ಮಾಡಬೇಕೆಂದು ಅಲ್ಲಿ ಜನರ ಮತ ಕೇಳಿದರು. ಸೈಟಿನಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ನಕ್ಕ. “ಅಲ್ಲೂ ನಮ್ಮಂಗ ಜಿಗೀತಾರೇನು, ಮಿಸ್ತ್ರಿ?” ಅಲ್ಲಿನ ಸ್ವಾತಂತ್ರ್ಯ ದಿನದ ಮೆರವಣಿಗೆಯ ವೀಡಿಯೋವನ್ನು ಅಳಿಯ ಕಳಿಸಿದ. ದೀಪಾವಳಿ ಕಳೆದ ಮೇಲೆ ಅಲ್ಲಿನ ಸಂಸತ್ತೇ ವಿಸರ್ಜನೆಯಾಯಿತು. ವಿಮಾನ ಮತ್ತೆ ಹಾರತೊಡಗುವಷ್ಟರಲ್ಲಿ ಮಗಳ ವೀಸಾ ಕಾಗದದ ಅವಧಿ ಮುಗಿದಿತ್ತು. ಹೊಸ ಕಾಗದಕ್ಕೆ ಸಹಿ ಹಾಕಲು ಅಲ್ಲಿ ಸಾಹೇಬನಿಲ್ಲ. ಪ್ರತಿ ರವಿವಾರ ಕಾಮೋಠೆಗೆ ಹೋಗಿ ಚಹಾ ಕುಡಿದು ಎದ್ದುಬಿಡುತ್ತಿದ್ದೆ. ಮಗಳು ಸೋದರತ್ತೆಯ ಮನೆಯ ಪಾತ್ರೆ ತೊಳೆಯುವುದನ್ನು ನೋಡಿ ಕೂರಲಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಭೂಕಂಪವಾಯಿತು. ಅಳಿಯನಿದ್ದ ಊರಿನಲ್ಲೇ ಕಟ್ಟಡಗಳು ಕುಸಿದಿದ್ದವು. ಅವನ ಫೋನು ಹತ್ತಲಿಲ್ಲ. ಅಂದು ನಾನು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಮಗಳು ಚೀಲ ಹಿಡಿದು ಬಂದಳು. ಪಕ್ಕದ ಖೋಲಿಯ ಅಜ್ಜಿ ಅವಳನ್ನು ನಮ್ಮ ಬಾಗಿಲಲ್ಲೇ ತಡೆದು, ಉಡಿ ತುಂಬಿದ ಮೇಲೆ ಒಳಗೆ ಹೆಂಗ ಎಂದು ನನ್ನ ಮುಖ ನೋಡಿದಳು.

ಮಗಳು ಅಜ್ಜಿಯ ಕಡೆ ತಿರುಗಲೇ ಇಲ್ಲ.

“ಅಪ್ಪಾ, ಮಂದಿ ಮನ್ಯಾಗ ಕುಂತು ನಾ ಅಳಾಂಗಿಲ್ಲ. ಬಾಗಲಾ ಬಿಡು.”

ನಾನೇ ಹೊಸ್ತಿಲಿಗೆ ಅಡ್ಡ ನಿಂತಿದ್ದೇನೆಂದು ಆಗ ಗೊತ್ತಾಯಿತು. ಪಕ್ಕಕ್ಕೆ ಸರಿದೆ.

“ಮನಿ ನಂದು, ಅಜ್ಜಿ,” ಎಂದೆ. “ರೂಢಿನೂ ನಮ್ದ. ಮುರಿದ್ರ ನಾನ ಮುರೀತೀನಿ.”

ಮರುದಿನ ಸಂಜೆ ಅಳಿಯನ ದನಿ ಕೇಳಿತು. ಜೀವಕ್ಕೆ ಅಪಾಯವಿಲ್ಲ, ಇರುವ ಖೋಲಿ ಬಿರುಕು ಬಿಟ್ಟಿದೆ, ಈಗ ಕರೆಸಿಕೊಳ್ಳಲಾರೆ ಎಂದ. ಮಗಳು ಹ್ಞೂಂ ಎಂದಳಷ್ಟೆ. ಜನವರಿಯಲ್ಲಿ ಅಲ್ಲಿ ಚುನಾವಣೆಯೂ ಮುಗಿಯಿತು. ಕಾಗದ ಇನ್ನೂ ಬಂದಿಲ್ಲ. ಅವಳು ಪಕ್ಕದ ಕಲ್ಯಾಣ ಊರಿನ ಒಂದು ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಇಬ್ಬರೂ ಜೊತೆಗೇ ಸ್ಟೇಷನ್ನಿಗೆ ನಡೆಯುತ್ತೇವೆ. ಎದುರು ಸಿಕ್ಕವರು ಏನೂ ಕೇಳುವ ಮೊದಲೇ, ಮಗಳು ನಮ್ಮಲ್ಲೇ ಇದ್ದಾಳೆ ಎಂದು ನಾನೇ ಹೇಳುತ್ತೇನೆ.